ತೆಂಗಿನ ಸೀಮೆಯ ಹೆಸರುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ಊರುಗಳ ಮಾತೆತ್ತಿದೊಡನೆ ಕೇಳುವವರ ಮನಸ್ಸಿಗೆ ಬರುವುದು ತೆಂಗಿನ ತೋಟ, ಉಂಡೆ ಕೊಬ್ಬರಿ, ತಿಪಟೂರು ಮಾರುಕಟ್ಟೆಯ ಧಾರಣೆ. ಇಂದು ನಾನು ಹೇಳಹೊರಟಿರುವುದು ಆ ತೋಟಗಳ ಬೆಳೆಯನ್ನು ಕುರಿತಲ್ಲ. ತೋಟದ ಒಡೆಯರ, ಕಾಯಿ ಕೆಡಹುವವರ, ಕೊಬ್ಬರಿ ಒಡೆಯುವ ಹೆಣ್ಣುಮಕ್ಕಳ, ತೊಟ್ಟಿಲಲ್ಲಿ ಮಲಗಿರುವ ಕೂಸುಗಳ ಹೆಸರುಗಳನ್ನು ಕುರಿತು. ಈ ಸೀಮೆಯ ಯಾವುದಾದರೊಂದು ಮನೆಯನ್ನು ನೆನೆದುಕೊಳ್ಳಿ. ಅಜ್ಜಿಯ ಹೆಸರು ಲಕ್ಕಮ್ಮ. ಸೊಸೆಯ ಹೆಸರು ಲಕ್ಷ್ಮೀದೇವಿ. ಮೊಮ್ಮಗಳ ಹೆಸರು ಲಕ್ಷಿತಾ. ಮೂರೂ ಬೇರೆ ಬೇರೆ ಹೆಸರುಗಳೆಂದು ಆ ಮನೆಯವರೇ ತಿಳಿದಿರುತ್ತಾರೆ. ಒಂದೇ ಬೇರಿನಿಂದ ಹೊರಟ ಮೂರು ಚಿಗುರುಗಳಿವು ಎಂದು ಹೇಳಿದರೆ ಅಜ್ಜಿ ನಗುತ್ತಾಳೆ, ಮೊಮ್ಮಗಳು ನಂಬುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ, ಪ್ರತಿದಿನ ಹಾಜರಿ ಪುಸ್ತಕ ಓದಿದ ನನಗೆ ಈ ಚಿಗುರುಗಳ ವಿಚಾರ ಸ್ವಾರಸ್ಯವಾಗಿ ಕಂಡಿದೆ. ಸ್ವಾರಸ್ಯವಷ್ಟೇ ಅಲ್ಲ, ಅದರ ಹಿಂದೆ ಕೆಲವರ ಮಾನದ ಪ್ರಶ್ನೆಯೂ ಇದೆ.

ಮೊದಲು ಹಳೆಯ ಹೆಸರುಗಳ ಬಗೆಯನ್ನು ನೋಡೋಣ. ಈ ಸೀಮೆಯಲ್ಲಿ ಹೆಸರೆಂಬುದು ಬಹುಮಟ್ಟಿಗೆ ಒಂದು ವಿಳಾಸವಾಗಿತ್ತು. ತಿಪಟೂರಿನ ಗ್ರಾಮದೇವತೆ ಕೆಂಪಮ್ಮ. ಸುತ್ತಣ ಹಳ್ಳಿಗಳಲ್ಲಿ ಕೆಂಪಮ್ಮ, ಕೆಂಪಯ್ಯ, ಕೆಂಪೇಗೌಡ ಎಂಬ ಹೆಸರುಗಳು ಹೇರಳ. ತಿಪಟೂರಿಗೆ ಸಮೀಪದ ದಸರೀಘಟ್ಟದಲ್ಲಿ ಚೌಡೇಶ್ವರಿಯ ಗುಡಿಯುಂಟು. ದೇವಿ ತಾನೇ ಅಕ್ಷರ ಬರೆದು ಭಕ್ತರ ಪ್ರಶ್ನೆಗೆ ಉತ್ತರ ಕೊಡುತ್ತಾಳೆಂದು ಜನ ನಂಬುತ್ತಾರೆ. ಆ ದೇವಿಗೆ ಹರಕೆ ಹೊತ್ತು ಹುಟ್ಟಿದ ಮಗು ಚೌಡಮ್ಮ ಅಥವಾ ಚೌಡಪ್ಪ. ತುರುವೇಕೆರೆಯಲ್ಲಿ ಬೇಟೆರಾಯಸ್ವಾಮಿ, ನಮ್ಮ ಕಡೆಯ ಮಾತಿನಲ್ಲಿ ಮೇಕೆ ಮ್ಯಾಕೆಯಾಗುವಂತೆ ಬೇಟೆ ಬ್ಯಾಟೆಯಾಗುತ್ತದೆ, ಆದ್ದರಿಂದ ಆತನ ಹೆಸರು ಹೊತ್ತವನು ಬ್ಯಾಟಪ್ಪ. ಚಿಕ್ಕನಾಯಕನಹಳ್ಳಿ ಸೀಮೆಯ ಗೋಡೆಕೆರೆ ಸಿದ್ಧರಾಮನ ಕ್ಷೇತ್ರ. ತುರುವೇಕೆರೆಯ ನೆರೆಯ ಕುಣಿಗಲ್ ಸೀಮೆಯ ಎಡೆಯೂರು ಸಿದ್ಧಲಿಂಗನ ಕ್ಷೇತ್ರ. ಇವೆರಡರ ನಡುವೆ ಸಿದ್ದರಾಮಯ್ಯ, ಸಿದ್ದಲಿಂಗಪ್ಪ, ಸಿದ್ದಮ್ಮ, ಸಿದ್ದಗಂಗಮ್ಮ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯ ಒಂಬತ್ತನೆಯ ಶತಮಾನದ್ದು. ಅದರ ಒಳಮಾಳಿಗೆಯ ನಟರಾಜನನ್ನು ನೋಡಲು ಶಿಲ್ಪ ಬಲ್ಲವರು ದೂರದಿಂದ ಬರುತ್ತಾರೆ. ಊರವರಿಗೆ ಆ ದೇವರು ಮಕ್ಕಳ ಹೆಸರಿನಲ್ಲಿ ಕಲ್ಲಪ್ಪನಾಗಿ, ಕಲ್ಲಮ್ಮನಾಗಿ ಉಳಿದಿದ್ದಾನೆ. ಹೀಗೆ ಹೆಸರು ಕೇಳಿದವನಿಗೆ ಆ ಮನೆಯ ಒಕ್ಕಲುತನ ಯಾವ ದೇವರಿಗೆ ಸಲ್ಲುತ್ತದೆ, ಅವರು ಯಾವ ಜಾತ್ರೆಗೆ ಗಾಡಿ ಕಟ್ಟುತ್ತಾರೆ ಎಂಬುದು ತಿಳಿಯುತ್ತಿತ್ತು.

ಎರಡನೆಯ ಬಗೆಯವು ಕಣ್ಣಿಗೆ ಕಂಡದ್ದನ್ನು ಹೇಳುವ ಹೆಸರುಗಳು. ಕರಿಯಪ್ಪ, ಕೆಂಚಪ್ಪ, ಪುಟ್ಟಯ್ಯ, ದೊಡ್ಡಯ್ಯ, ಚಿಕ್ಕಣ್ಣ, ಮುದ್ದಮ್ಮ, ಹೊನ್ನಮ್ಮ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಮನೆತನದಲ್ಲಿ ನಾಲ್ಕು ಮಂದಿ ರಂಗಪ್ಪಂದಿರು ಇರುವುದುಂಟು. ಆಗ ದೊಡ್ಡರಂಗಪ್ಪ, ಚಿಕ್ಕರಂಗಪ್ಪ, ಪುಟ್ಟರಂಗಪ್ಪ ಎಂದು ವಿಂಗಡಿಸುತ್ತಿದ್ದರು. ಮಾವನ ಹೆಸರನ್ನು ಸೊಸೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ತನ್ನ ಮಗನಿಗೇ ಆ ಹೆಸರಿಟ್ಟಿದ್ದರೆ ಅವಳು ಏನೆಂದು ಕರೆಯಬೇಕು? ಅಪ್ಪಯ್ಯ ಎಂದೋ ಪುಟ್ಟ ಎಂದೋ ಕರೆದಳು. ಆ ಪುಟ್ಟ ಎಪ್ಪತ್ತು ವರ್ಷ ಬದುಕಿ ಪುಟ್ಟಪ್ಪನಾಗಿಯೇ ತೀರಿಕೊಂಡ. ಚಿಕ್ಕನಾಯಕನಹಳ್ಳಿ ಎಂಬ ಊರ ಹೆಸರಿನಲ್ಲಿಯೂ ಇಂಥ ಒಬ್ಬ ಚಿಕ್ಕವನಿದ್ದಾನೆ: ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕ.

ಮೂರನೆಯ ಬಗೆ ದುಃಖದಿಂದ ಹುಟ್ಟಿದ್ದು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಯಿಂದ ಎತ್ತಿಸಿಕೊಂಡು, ತಿಪ್ಪಯ್ಯ ಅಥವಾ ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಜವರಾಯನೆಂದರೆ ಯಮರಾಜ, ಸಾವಿನ ಹೆಸರನ್ನೇ ಇಟ್ಟರೆ ಸಾವು ತನ್ನದೆಂದು ತಿಳಿದು ಬಿಟ್ಟುಹೋದೀತೆಂಬ ಎಣಿಕೆ. ಹುಚ್ಚಪ್ಪ, ಗುಂಡಪ್ಪ ಎಂಬ ಹೆಸರುಗಳಲ್ಲಿಯೂ ಅನೇಕ ವೇಳೆ ಇದೇ ಹವಣಿಕೆ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳು ಸಾಕಮ್ಮ. ಈ ಹೆಸರಿನ ಅರ್ಥ ನೆನೆದರೆ ಮನಸ್ಸು ಕುಗ್ಗುತ್ತದೆ. ಆದರೆ ಹೆಸರು ಬಾಳನ್ನು ಗೆಲ್ಲಲಾರದು ಎಂಬುದಕ್ಕೂ ಇಲ್ಲೊಂದು ನಿದರ್ಶನವಿದೆ. ತುಮಕೂರು ಸೀಮೆಯಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಕುಳಿತ ಹೆಣ್ಣುಮಗಳು ಕಾಫಿಪುಡಿ ಸಾಕಮ್ಮನವರೆಂದೇ ಹೆಸರಾದರು. ಸಾಕು ಎಂದು ಯಾರೋ ಇಟ್ಟ ಹೆಸರನ್ನು ಒಬ್ಬಳು ಹೆಣ್ಣುಮಗಳು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಹೆಸರನ್ನಾಗಿ ಮಾಡಿಕೊಂಡಳು.

ಇನ್ನು ಅಕ್ಷರದ ವಿಚಾರ. ಸಂಸ್ಕೃತದ ಶಬ್ದ ಕನ್ನಡಿಗನ ಬಾಯಿಗೆ ಬಿದ್ದಾಗ ಅದರ ಗಡಸು ಕಡಮೆಯಾಗುತ್ತದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ತನ್ನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಈ ಮಾರ್ಪಾಟುಗಳಿಗೆ ಸೂತ್ರ ಹೇಳಿದ. ತರಗತಿಯಲ್ಲಿ ಈ ಭಾಗ ಹೇಳುವಾಗ ಹುಡುಗರು ಆಕಳಿಸುತ್ತಿದ್ದರು. ಅವರವರ ಅಜ್ಜಿಯರ ಹೆಸರುಗಳನ್ನೇ ಹಲಗೆಯ ಮೇಲೆ ಬರೆಯತೊಡಗಿದ ಮೇಲೆ ನಿದ್ರೆ ಹಾರಿಹೋಯಿತು. ಕ್ಷಕಾರ ಒಡೆದು ಇಮ್ಮಡಿ ಕಕಾರವಾಗುತ್ತದೆ: ಯಕ್ಷನು ಜಕ್ಕನಾದ, ಲಕ್ಷ್ಮಿಯು ಲಕ್ಕಿಯಾದಳು, ಲಕ್ಷ್ಮಣನು ಲಕ್ಕಣ್ಣನಾದ. ಯಕಾರ ಜಕಾರವಾಗುತ್ತದೆ: ಯಮನು ಜವನಾದ. ಮಹಾಪ್ರಾಣ ಇಳಿಯುತ್ತದೆ: ಭೈರವನು ಬೈರನಾದ, ಸಿದ್ಧನು ಸಿದ್ದನಾದ. ಬ್ರಹ್ಮನು ಬೊಮ್ಮನಾದ; ವೃಷಭನು ಬಸವನಾದ; ಚಾಮುಂಡಿಯು ಚಾವುಂಡಿಯಾಗಿ ಚೌಡಿಯಾದಳು; ಮಹಾದೇವನು ಮಾದೇವನಾಗಿ ಮಾದಪ್ಪನಾದ. ವೀರಣ್ಣನು ಹಳ್ಳಿಯ ಬಾಯಲ್ಲಿ ಈರಣ್ಣನಾದ. ಓದು ಬರಹ ಬಾರದವರು ಬಾಯಿತಪ್ಪಿ ಕೆಡಿಸಿದ ಮಾತುಗಳಲ್ಲ ಇವು. ವ್ಯಾಕರಣಕಾರನೊಬ್ಬ ಕುಳಿತು ನಿಯಮ ಬರೆಯುವಷ್ಟು ಕ್ರಮ ಇವುಗಳಲ್ಲಿ ಇತ್ತು.

ಅರಸರ ಮನೆಯಲ್ಲಿಯೂ ಇದೇ ಕ್ರಮ. ರಾಷ್ಟ್ರಕೂಟ ಕೃಷ್ಣನನ್ನು ಕನ್ನಡ ಶಾಸನಗಳು ಕನ್ನರದೇವನೆನ್ನುತ್ತವೆ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರು ಬಿಟ್ಟಿದೇವ. ಹನ್ನೆರಡನೆಯ ಶತಮಾನದ ಈ ಅರಸನು ಮತಾಂತರ ಹೊಂದಿ ಬಿಟ್ಟಿದೇವನೆಂಬ ಹೆಸರನ್ನು ಬಿಟ್ಟು ವಿಷ್ಣುವರ್ಧನನಾದನೆಂಬ ಕತೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಓದಿದ್ದೇವೆ. ಮತಾಂತರದ ಕತೆ ಹೇಗಾದರೂ ಇರಲಿ, ಬಿಟ್ಟಿ ಎಂಬುದು ವಿಷ್ಣು ಎಂಬುದರ ತದ್ಭವ. ಹೆಸರು ಬದಲಾಗಲಿಲ್ಲ, ಅದರ ಕಾಗುಣಿತ ಬದಲಾಯಿತು. ಮನೆಯಲ್ಲಿ ಬಿಟ್ಟಿ, ಬಿರುದಾವಳಿಯಲ್ಲಿ ವಿಷ್ಣು. ಲಕ್ಕಮ್ಮನ ಮಗ ಸೊಸೆಯ ಹೆಸರನ್ನು ಲಗ್ನಪತ್ರಿಕೆಯಲ್ಲಿ ಲಕ್ಷ್ಮೀದೇವಿ ಎಂದು ಅಚ್ಚು ಹಾಕಿಸಿದಾಗ ಅವನೂ ಮಾಡಿದ್ದು ಅದನ್ನೇ.

ನಮ್ಮ ಸೀಮೆಯ ಕಲ್ಲುಗಳಲ್ಲಿಯೂ ಇಂಥ ಹೆಸರುಗಳುಂಟು. ಅರಳಗುಪ್ಪೆಯಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಇದೆ. ಅದರ ಶಿಲ್ಪಿಯ ಹೆಸರು ಹೊನ್ನೋಜ. ಹೊನ್ನು ಅಚ್ಚಗನ್ನಡ, ಓಜ ಎಂಬುದು ಉಪಾಧ್ಯಾಯ ಎಂಬುದು ಸವೆದು ಆದ ಮಾತು. ನಾಲ್ಕಕ್ಷರದ ಸಂಸ್ಕೃತ ಶಬ್ದ ಎರಡಕ್ಷರಕ್ಕೆ ಇಳಿದು ಕನ್ನಡದ ಹೊನ್ನಿನೊಡನೆ ಬೆಸೆದುಕೊಂಡಿತು. ತುರುವೇಕೆರೆಯಲ್ಲಿ ೧೨೬೩ರ ಸುಮಾರಿಗೆ ಸೋಮಣ್ಣ ದಂಡನಾಯಕ ಕಟ್ಟಿಸಿದ ದೇವಾಲಯದ ದೇವರು ಚೆನ್ನಿಗರಾಯ. ಚೆನ್ನಿಗನೆಂದರೆ ಚೆಲುವ. ಈಗ ಅದನ್ನೂ ಚೆನ್ನಕೇಶವ ಎಂದು ಬರೆಯುವುದುಂಟು. ತಿಪಟೂರು ತಾಲ್ಲೂಕಿನ ನೊಣವಿನಕೆರೆ, ಈ ಸೀಮೆಯಲ್ಲಿ ನೆಲಸಿರುವ ನೊಣಬ ಸಮುದಾಯ, ಈ ಹೆಸರುಗಳನ್ನು ಕೇಳಿ ಹೊರಗಿನವರು ನೊಣದ ನೆನಪು ಮಾಡಿಕೊಂಡು ನಗುವುದನ್ನು ನಾನು ಕಂಡಿದ್ದೇನೆ. ನೊಣಬ ಎಂಬುದು ನೊಳಂಬ ಎಂಬುದರ ರೂಪಾಂತರವೆಂದು ಬಿ. ಎಲ್. ರೈಸ್ ಮುಂತಾದ ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದರು. ನೊಳಂಬವಾಡಿಯೆಂಬ ನಾಡನ್ನಾಳಿದ ಅರಸು ಮನೆತನದ ಹೆಸರು ಸಾವಿರ ವರ್ಷ ರೈತರ ಬಾಯಲ್ಲಿ ಉಳಿದು ಬಂತು. ಎರಡಕ್ಷರ ಮಾತ್ರ ಸವೆಯಿತು. ಬಲ್ಲವನಿಗೆ ಅದು ರಾಜವಂಶ, ಅರಿಯದವನಿಗೆ ನೊಣ. ಒಂದು ಹೆಸರಿನ ಒಳಗೆ ಏನಿದೆಯೆಂಬುದು ತಿಳಿಯದೆ ಹೋದರೆ ಎಷ್ಟು ನಷ್ಟವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋರದು.

ಹಾಗಾದರೆ ಈ ಪ್ರವಾಹ ಒಂದೇ ದಿಕ್ಕಿಗೆ ಹರಿಯಿತೆ? ಇಲ್ಲ. ಸಂಸ್ಕೃತ ಕನ್ನಡಕ್ಕೆ ಇಳಿದಂತೆ ಕನ್ನಡ ಮತ್ತೆ ಸಂಸ್ಕೃತಕ್ಕೆ ಏರುವುದೂ ಹಳೆಯ ಪದ್ಧತಿಯೇ. ಹದಿನಾರನೆಯ ಶತಮಾನದಲ್ಲಿ ಭಾವಚಿಂತಾರತ್ನ ಬರೆದ ಕವಿಯನ್ನು ಸಾಹಿತ್ಯಚರಿತ್ರೆ ಗುಬ್ಬಿಯ ಮಲ್ಲಣಾರ್ಯನೆನ್ನುತ್ತದೆ. ಮಲ್ಲಣ್ಣನಿಗೆ ಆರ್ಯ ಸೇರಿ ಮಲ್ಲಣಾರ್ಯ. ಎಡೆಯೂರಿನ ಸಿದ್ಧಲಿಂಗರು ತೋಟದಲ್ಲಿ ತಪಸ್ಸು ಮಾಡಿದ್ದರಿಂದ ತೋಂಟದ ಸಿದ್ಧಲಿಂಗರೆನಿಸಿದರು; ಅವರ ನೆನಪಿನಿಂದ ನಮ್ಮ ಸೀಮೆಯಲ್ಲಿ ತೋಂಟದಾರ್ಯ ಎಂಬ ಹೆಸರು ಬಳಕೆಗೆ ಬಂತು. ಹಳಗನ್ನಡದ ಅನುಸ್ವಾರ ತೋಟದಲ್ಲಿ ಬಿದ್ದುಹೋಯಿತು, ತೋಂಟದಾರ್ಯನಲ್ಲಿ ಉಳಿಯಿತು. ತೋಟದವನಿಗೆ ಆರ್ಯ ಸೇರಿದ ಹೆಸರು ತೆಂಗಿನ ಸೀಮೆಗೆ ಹೇಳಿಮಾಡಿಸಿದಂತಿದೆ. ತೆಂಗಿಗೂ ಇಂಥ ಬಡ್ತಿ ದೊರೆಯದೆ ಇಲ್ಲ. ಜಿಲ್ಲೆಗೆ ಕಲ್ಪತರು ನಾಡೆಂದು ಹೆಸರು. ತಿಪಟೂರಿನ ಕಾಲೇಜಿಗೂ ಕಲ್ಪತರುವಿನ ಹೆಸರೇ. ಆದರೆ ಗೊನೆ ಇಳಿಸಲು ಹತ್ತುವವನು ಹತ್ತುವುದು ತೆಂಗಿನ ಮರವನ್ನೇ, ಕಲ್ಪತರುವನ್ನಲ್ಲ.

ಈ ಏರಿಳಿತದ ಅತ್ಯಂತ ಸೊಗಸಾದ ಉದಾಹರಣೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಹುಟ್ಟಿ, ಭಾರತೀಯ ಕಾವ್ಯಮೀಮಾಂಸೆಯಂಥ ಗ್ರಂಥವನ್ನು ಕೊಟ್ಟು, ೧೯೬೬ರಲ್ಲಿ ತೀರಿಕೊಂಡ ಆಚಾರ್ಯ ತೀ. ನಂ. ಶ್ರೀಕಂಠಯ್ಯನವರನ್ನು ಕನ್ನಡ ಓದಿದವರೆಲ್ಲರೂ ಬಲ್ಲರು. ತೀ ಎಂದರೆ ತೀರ್ಥಪುರ. ನಂ ಎಂದರೆ ತಂದೆಯ ಹೆಸರಾದ ನಂಜುಂಡಯ್ಯ. ನಂಜುಂಡನೆಂದರೆ ವಿಷವನ್ನುಂಡ ಶಿವ, ಅಚ್ಚ ಕನ್ನಡದ ಹೆಸರು. ಶ್ರೀಕಂಠನೆಂದರೂ ಶಿವನೇ. ನಂಜನಗೂಡಿನ ದೇವರನ್ನು ನಂಜುಂಡೇಶ್ವರನೆಂದೂ ಶ್ರೀಕಂಠೇಶ್ವರನೆಂದೂ ಕರೆಯುತ್ತೇವಲ್ಲವೆ? ತಂದೆ ನಂಜುಂಡಯ್ಯ, ಮಗ ಶ್ರೀಕಂಠಯ್ಯ: ದೇವರು ಒಬ್ಬನೇ, ಭಾಷೆ ಎರಡು. ಮೂರು ಅಕ್ಷರದ ಆ ಸಂಕ್ಷೇಪದಲ್ಲಿ ಊರು, ತಂದೆ, ಕನ್ನಡ, ಸಂಸ್ಕೃತ ಎಲ್ಲವೂ ಅಡಗಿವೆ. ಇಂಥ ಮಾರ್ಪಾಟಿನಿಂದ ಯಾರಿಗೂ ನಷ್ಟವಾಗಲಿಲ್ಲ. ಅರ್ಥ ಕೈಯಿಂದ ಕೈಗೆ ದಾಟಿತು.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ಗ್ರೀಸ್ ದೇಶದಲ್ಲಿಯೂ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯುಂಟು. ಅಲ್ಲಿನ ಪೆತ್ರೋಸ್ ಎಂದರೆ ಕಲ್ಲು. ಇಂಗ್ಲಿಷಿನಲ್ಲಿ ಅದು ಪೀಟರ್ ಆಯಿತು. ನಮ್ಮ ಕಲ್ಲಪ್ಪನೂ ಅವನೂ ಅರ್ಥದಲ್ಲಿ ಒಡಹುಟ್ಟಿದವರು. ಗಿಯೋರ್ಗಿಯೋಸ್ ಎಂದರೆ ನೆಲದಲ್ಲಿ ದುಡಿಯುವವನು, ಒಕ್ಕಲುಮಗ. ಇಂಗ್ಲೆಂಡಿನಲ್ಲಿ ಅವನು ಜಾರ್ಜ್ ಆಗಿ ಸಿಂಹಾಸನವನ್ನೇರಿದ. ಆರು ಮಂದಿ ಜಾರ್ಜ್ ದೊರೆಗಳನ್ನು ಕಂಡ ಆ ದೇಶದ ಜನರಲ್ಲಿ ಎಷ್ಟು ಮಂದಿಗೆ ಅದು ರೈತನ ಹೆಸರೆಂದು ನೆನಪಿತ್ತೋ! ಐರೀನ್ ಎಂಬವಳು ನಮ್ಮ ಶಾಂತಮ್ಮ. ಥಿಯೊಡೋರ್ ಎಂಬವನು ದೇವರು ಕೊಟ್ಟ ಮಗ, ನಮ್ಮ ದೇವದತ್ತ. ಅಲ್ಲಿಯೂ ಈಗ ತಾಯಿತಂದೆಯರು ಹಳೆಯ ಹೆಸರಿಗೆ ಹೊಸ ಅಕ್ಷರ ಜೋಡಿಸುತ್ತಾರೆ. ಕ್ಯಾಥರೀನ್ ಎಂಬ ಒಂದು ಹೆಸರನ್ನು ಇಂಗ್ಲಿಷ್ ಆಡುವ ನಾಡುಗಳಲ್ಲಿ ಹಲವು ಬಗೆಯಾಗಿ ಬರೆಯುತ್ತಾರೆ. ಮಗು ಎಲ್ಲರಂತಿರಬೇಕು, ಆದರೆ ಎಲ್ಲರಂತಿರಬಾರದು ಎಂಬ ಹಂಬಲ ಮನುಷ್ಯಮಾತ್ರರಿಗೆಲ್ಲ ಸಹಜ.

ನಮ್ಮಲ್ಲಿ ಈಚಿನ ನಲವತ್ತು ಐವತ್ತು ವರ್ಷಗಳಲ್ಲಿ ಆಗಿರುವ ಮಾರ್ಪಾಟು ಮಾತ್ರ ಹಿಂದಿನ ಎರಡಕ್ಕಿಂತ ಬೇರೆಯದು. ಹಿಂದೆ ಹೆಸರು ಬಾಯಿಂದ ಬಾಯಿಗೆ ಹೋಗಿ ಬದಲಾಗುತ್ತಿತ್ತು; ಈಗ ಇಂಗ್ಲಿಷ್ ಅಕ್ಷರದ ಮೂಲಕ ಸುತ್ತಿಬಳಸಿ ಬಂದು ಬದಲಾಗುತ್ತಿದೆ. ಮೊದಲನೆಯದಾಗಿ, ಹೆಸರಿನ ಕೊನೆಯ ಸ್ವರ ಬಿದ್ದುಹೋಯಿತು. ಪ್ರಕಾಶ ಪ್ರಕಾಶ್ ಆದ, ಮಂಜುನಾಥ ಮಂಜುನಾಥ್ ಆದ. ಹಳಗನ್ನಡದಲ್ಲಿ ಕಣ್, ಮಣ್ ಎಂಬ ವ್ಯಂಜನಾಂತ ಶಬ್ದಗಳಿದ್ದವು. ಕಾಲಕ್ರಮದಲ್ಲಿ ಕನ್ನಡಿಗರು ಅವುಗಳಿಗೆ ಉಕಾರ ಸೇರಿಸಿ ಕಣ್ಣು, ಮಣ್ಣು ಎಂದು ಮೆತ್ತಗೆ ಮಾಡಿಕೊಂಡರು. ಸಾವಿರ ವರ್ಷದಿಂದ ಸ್ವರಕ್ಕೆ ಒಗ್ಗಿದ ಬಾಯಿಗೆ ಈಗ ಹೆಸರುಗಳ ಮೂಲಕ ಮತ್ತೆ ವ್ಯಂಜನ ಬಂದಿದೆ. ಎರಡನೆಯದಾಗಿ, ಋಕಾರ ಹೋಗಿ ರಿಕಾರ ಬಂತು. ಕೃತಿಕಾ ಎಂ‌ಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಅದನ್ನು ಮತ್ತೆ ಕನ್ನಡಕ್ಕೆ ತಂದಾಗ ಕ್ರಿತಿಕಾ ಆಗುತ್ತದೆ. ಋತ್ವಿಕ್ ರಿತ್ವಿಕ್ ಆಗುತ್ತಾನೆ. ಮೂರನೆಯದಾಗಿ, ದಕ್ಷಿಣದ ನಾವು ತಕಾರವನ್ನು ಇಂಗ್ಲಿಷಿನಲ್ಲಿ ಟಿ ಮತ್ತು ಎಚ್ ಎಂಬ ಎರಡಕ್ಷರದಿಂದ ಬರೆಯುತ್ತೇವೆ, ಉತ್ತರದವರು ಟಿ ಒಂದರಿಂದಲೇ. ಹೀಗಾಗಿ ನಮ್ಮ ಲತಾ ದೆಹಲಿಗೆ ಹೋದರೆ ಲಥಾ ಆಗುತ್ತಾಳೆ. ಇದರ ಮೇಲೆ ಸಂಖ್ಯಾಶಾಸ್ತ್ರದವರು ಒಂದು ಎ ಹೆಚ್ಚಿಸಿ ಒಂದು ಎಚ್ ಕಳೆದು ಭಾಗ್ಯ ಕೂಡಿಸುತ್ತಾರೆ. ಚಿಕ್ಕನಾಯಕನಹಳ್ಳಿಯನ್ನೇ ಸಿ. ಎನ್. ಹಳ್ಳಿ ಎಂದು ಮಾಡಿ ಚಿಕ್ಕನಾಯಕನನ್ನು ಎರಡು ಇಂಗ್ಲಿಷ್ ಅಕ್ಷರಗಳೊಳಗೆ ಹೂತಿಟ್ಟಿದ್ದೇವೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಸರ್ಕಾರ ತಿದ್ದಿತು. ಬ್ಯಾಂಗಲೂರ್ ಹೋಗಿ ಬೆಂಗಳೂರು ಬಂತು. ನಮ್ಮ ಜಿಲ್ಲೆಯ ತುಮ್ಕೂರ್ ತುಮಕೂರು ಆಯಿತು. ಊರ ಹೆಸರಿನ ಕೊನೆಗೆ ಕಳೆದುಹೋಗಿದ್ದ ಉಕಾರ ಇಂಗ್ಲಿಷಿನಲ್ಲಿಯೂ ಮರಳಿ ಬಂದ ಕಾಲದಲ್ಲಿಯೇ ಊರ ಮಕ್ಕಳ ಹೆಸರಿನ ಕೊನೆಯ ಸ್ವರ ಕನ್ನಡದಲ್ಲಿಯೂ ಉದುರುತ್ತಿದೆ. ಊರು ಕನ್ನಡವಾಯಿತು, ಊರವನು ಇಂಗ್ಲಿಷಾಗುತ್ತಿದ್ದಾನೆ.

ಇಷ್ಟು ಹೇಳಿ, ಹಳೆಯ ಹೆಸರುಗಳೇ ಚೆನ್ನ, ಹೊಸವು ಕೆಟ್ಟವು ಎಂದು ತೀರ್ಪು ಕೊಟ್ಟು ಎದ್ದುಬಿಡುವುದು ಸುಲಭ. ನನ್ನ ವಯಸ್ಸಿನವರು ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಹಾಗೆ ಹೇಳುವ ಮುನ್ನ ಒಂದು ಮಾತನ್ನು ಯೋಚಿಸಬೇಕು. ಹಳೆಯ ಹೆಸರಿನ ಸೊಬಗು ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಸರಿಗಿಂತ ಅದರ ಬಾಲ ಮುಖ್ಯವಾಗಿತ್ತು. ಅಪ್ಪ, ಅಯ್ಯ, ಗೌಡ, ಶೆಟ್ಟಿ ಎಂಬ ಬಾಲಗಳು ಮರ್ಯಾದೆಯ ಅಳತೆಗೋಲುಗಳು. ಜಮೀನಿದ್ದವನು ಕರಿಯಪ್ಪನವರು; ಅವನ ತೋಟದಲ್ಲಿ ಪಾತಿ ಮಾಡುವವನು ಕರಿಯ. ಇಬ್ಬರ ಬಣ್ಣವೂ ಒಂದೇ, ಇಬ್ಬರಿಗೂ ಹೆಸರಿಟ್ಟ ತಾಯಿಯ ಅಕ್ಕರೆಯೂ ಒಂದೇ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಮಾದ, ಅರವತ್ತು ವರ್ಷದ ಮುದುಕನಾದರೂ, ಹತ್ತು ವರ್ಷದ ಹುಡುಗನ ಬಾಯಲ್ಲಿ ಏಕವಚನದ ಮಾದನೇ. ಮಹಾದೇವನೆಂಬ ಅರ್ಥ ಆ ಹೆಸರಿನೊಳಗೆ ಇತ್ತು. ಕರೆಯುವವರಿಗೆ ಅದು ಬೇಕಿರಲಿಲ್ಲ. ಶಿವರಾಮ ಕಾರಂತರು ೧೯೩೩ರಲ್ಲಿ ತಮ್ಮ ಕಾದಂಬರಿಗೆ ಚೋಮನ ದುಡಿ ಎಂದು ಹೆಸರಿಟ್ಟಾಗ ಆ ಚೋಮನಿಗೂ ಬಾಲವಿರಲಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನು ಪದವಿಯ ಎರಡನೆಯ ವರ್ಷದಲ್ಲಿ ತನ್ನ ಹೆಸರನ್ನು ಪ್ರಮಾಣಪತ್ರ ಮಾಡಿಸಿ ಬದಲಾಯಿಸಿಕೊಂಡ. ತಾತನಿಂದ ಬಂದ ಹೆಸರದು. ಅದರ ಅರ್ಥವನ್ನೂ ಇತಿಹಾಸವನ್ನೂ ನಾನು ತರಗತಿಯಲ್ಲಿ ಹೊಗಳಿದ್ದೆ. ಏಕೆ ಬದಲಾಯಿಸಿದೆಯಪ್ಪ ಎಂದು ಕೇಳಿದೆ. “ಹೆಸರಿನಲ್ಲಿ ದೋಷವಿಲ್ಲ ಸಾರ್, ನೀವು ಹೇಳಿದ್ದೆಲ್ಲ ನಿಜ. ಆದರೆ ನಮ್ಮ ತಾತನನ್ನು ಕರೆದ ದನಿಯಲ್ಲೇ ನನ್ನನ್ನೂ ಕರೆಯುತ್ತಾರೆ. ಆ ದನಿಗೆ ಸಿಕ್ಕದ ಹೆಸರು ಬೇಕಾಗಿತ್ತು” ಎಂದ. ವ್ಯಾಕರಣದ ಯಾವ ಸೂತ್ರವೂ ಈ ಮಾತಿಗೆ ಉತ್ತರ ಕೊಡಲಾರದು. ಹೊಸ ಹೆಸರು ಕೆಲವರಿಗೆ ಶೋಕಿ. ಇನ್ನು ಕೆಲವರಿಗೆ ಬಿಡುಗಡೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನಗುವುದು ವಿದ್ವತ್ತೂ ಅಲ್ಲ, ನ್ಯಾಯವೂ ಅಲ್ಲ. ಹೆಸರಿನ ಬಾಲವನ್ನು ಬಿಟ್ಟು ಪ್ರಕಾಶ್ ಎಂದಷ್ಟೇ ಬರೆಯುವ ರೂಢಿಯಿಂದ ಹಾಜರಿ ಪುಸ್ತಕದಲ್ಲಿ ಒಬ್ಬನ ಜಾತಿ ತಟ್ಟನೆ ಗೊತ್ತಾಗದೆ ಹೋಯಿತು. ಅಷ್ಟರಮಟ್ಟಿಗೆ ಅದು ಒಳ್ಳೆಯದೇ.

ಇನ್ನೊಂದು ಸಂಗತಿ ಕಾಗದಪತ್ರಗಳದು. ಹಿಂದೆ ಕೊಬ್ಬರಿ ಮಂಡಿಯಲ್ಲಿ ರೈತನ ಮುಖವೇ ಅವನ ಗುರುತು. ಚೀಟಿಯಲ್ಲಿ ಸಿದ್ದಪ್ಪ ಎಂದಿದ್ದರೂ ಸಿದ್ಧಪ್ಪ ಎಂದಿದ್ದರೂ ಹಣ ಸಲ್ಲುತ್ತಿತ್ತು. ಈಗ ಬೆಂಬಲ ಬೆಲೆಗೆ ಕೊಬ್ಬರಿ ಮಾರಬೇಕಾದರೆ ರೈತ ಮೊದಲು ನೋಂದಾಯಿಸಿಕೊಳ್ಳಬೇಕು. ೨೦೨೪ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಲೆ ಕ್ವಿಂಟಾಲಿಗೆ ೧೨,೦೦೦ ರೂಪಾಯಿ. ಪಹಣಿಯಲ್ಲಿ ತಾತ ಬರೆಸಿದ ಹೆಸರು ಒಂದು, ಆಧಾರ್ ಚೀಟಿಯಲ್ಲಿ ಇಂಗ್ಲಿಷಿನಿಂದ ತಿರುಗಿಬಂದ ಹೆಸರು ಇನ್ನೊಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ಇದ್ದರೆ, ಮೂವರೂ ಒಬ್ಬನೇ ಎಂದು ರುಜುವಾತು ಮಾಡುವ ಹೊರೆ ರೈತನ ಮೇಲೆ ಬೀಳುತ್ತದೆ. ಯಂತ್ರಕ್ಕೆ ತದ್ಭವ ತಿಳಿಯದು. ಲಕ್ಕಮ್ಮನೂ ಲಕ್ಷ್ಮಮ್ಮನೂ ಅದಕ್ಕೆ ಇಬ್ಬರು ಹೆಂಗಸರು. ಜನನ ಮರಣಗಳ ನೋಂದಣಿಯ ೧೯೬೯ರ ಕಾಯಿದೆಯಂತೆ ಹೆಸರಿಡುವ ಮೊದಲೇ ಜನನವನ್ನು ಬರೆಸಿ, ಹೆಸರನ್ನು ಆಮೇಲೆ ಸೇರಿಸಬಹುದು. ಆ ಕಾಯಿದೆಗೆ ಆದ ತಿದ್ದುಪಡಿಯಂತೆ ೨೦೨೩ರ ಅಕ್ಟೋಬರ್ ೧ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರಾಗಲು, ಉದ್ಯೋಗಕ್ಕೆ ಜನನಪತ್ರವೇ ಮುಖ್ಯ ಆಧಾರ. ತೊಟ್ಟಿಲ ಬಳಿ ಆಡಿದ ಮಾತು ಆಯುಷ್ಯಪರ್ಯಂತ ಬೆನ್ನಿಗಿರುತ್ತದೆ ಎಂದಾಯಿತು. ಆದ್ದರಿಂದ ಕಾಗುಣಿತವನ್ನು ಯೋಚಿಸಿ ಗೊತ್ತುಮಾಡುವುದು ಇಂದು ಅಲಂಕಾರದ ಮಾತಲ್ಲ, ಸಂಸಾರದ ವಿವೇಕ.

ಹಾಗಾದರೆ ಏನು ಮಾಡಬೇಕು? ನಾಮಕರಣಕ್ಕೆ ಕರೆಯಬಂದ ಹಳೆಯ ವಿದ್ಯಾರ್ಥಿಗಳು ನನ್ನನ್ನು ಈ ಪ್ರಶ್ನೆ ಕೇಳುವುದುಂಟು. ನಕ್ಷತ್ರಕ್ಕೆ ಇಂಥ ಅಕ್ಷರ ಬಂದಿದೆ, ಯಾರೂ ಇಟ್ಟಿರದ ಹೆಸರು ಹೇಳಿ ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿ ತಂದ ಪಟ್ಟಿಯೂ ಅವರ ಕೈಯಲ್ಲಿರುತ್ತದೆ. ಅದರಲ್ಲಿ ಹೆಸರಿನ ಎದುರಿಗೆ ಬರೆದ ಅರ್ಥಗಳಲ್ಲಿ ಎಷ್ಟೋ ನಿಘಂಟಿನಲ್ಲಿ ಇರುವುದಿಲ್ಲ. ನಾನು ಹೇಳುವುದು ಇಷ್ಟೆ. ಹೆಸರು ಹೊಸದಾಗಿರಲಿ, ಅಡ್ಡಿಯಿಲ್ಲ. ಇಡುವ ಮುನ್ನ ಅದನ್ನು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನಲ್ಲಿ ಆಮೇಲೆ ಬರೆಯಿರಿ. ಅರ್ಥವನ್ನು ಬಲ್ಲವರಲ್ಲಿ ಕೇಳಿ, ನಿಘಂಟು ತೆರೆದು ನೋಡಿ. ಎಲ್ಲ ಕಡೆಯೂ ಒಂದೇ ಕಾಗುಣಿತ ಬರೆಸಿ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರ ಹೆಸರಿನ ಕತೆಯನ್ನು ಅವರು ಇರುವಾಗಲೇ ಕೇಳಿ ಬರೆದಿಡಿ. ತಿಪ್ಪಮ್ಮನಿಗೆ ಮುನ್ನ ತೀರಿಕೊಂಡ ಅಣ್ಣಂದಿರೆಷ್ಟು, ಚೌಡಪ್ಪನ ತಾಯಿ ಹೊತ್ತ ಹರಕೆ ಯಾವುದು, ನಂಜಮ್ಮನಿಗೆ ಯಾವ ದೇವರ ಹೆಸರು ಬಂತು ಎಂಬುದು ಯಾವ ಶಾಸನದಲ್ಲಿಯೂ ಇಲ್ಲ, ಯಾವ ಗೆಜೆಟಿಯರಿನಲ್ಲಿಯೂ ಇಲ್ಲ. ಅದು ಆ ಒಂದು ಮನೆಯ ಇತಿಹಾಸ. ಹೇಳುವವರು ಹೋದ ಮೇಲೆ ಉಳಿಯುವುದು ಅಕ್ಷರ ಮಾತ್ರ.

ಮೊದಲು ಹೇಳಿದ ಲಕ್ಷಿತಾಳ ಹೆಸರಿನ ಅರ್ಥ ಹೇಳದೆ ಬಿಟ್ಟರೆ ಅವಳಿಗೆ ಅನ್ಯಾಯವಾದೀತು. ಲಕ್ಷ ಎಂಬ ಧಾತುವಿಗೆ ಗುರುತಿಸು, ನೋಡು ಎಂದು ಅರ್ಥ. ಲಕ್ಷ್ಮಿ ಎಂಬ ಶಬ್ದ ಹುಟ್ಟಿದ್ದೂ ಅದರಿಂದಲೇ, ಲಕ್ಷಿತಾ ಎಂಬುದು ಹುಟ್ಟಿದ್ದೂ ಅದರಿಂದಲೇ. ಲಕ್ಷಿತಾ ಎಂದರೆ ಗುರುತಿಸಲ್ಪಟ್ಟವಳು. ತಾಯಿತಂದೆಯರು ಪಟ್ಟಿಯಿಂದ ಆರಿಸಿದಾಗ ಅಜ್ಜಿಯನ್ನು ನೆನೆದಿರಲಾರರು. ಆದರೆ ಶಬ್ದಕ್ಕೆ ನೆನಪಿತ್ತು. ಆ ಮಗುವಿಗೆ ಅಕ್ಷರ ಕಲಿಸುವ ದಿನ ಅವಳ ಹೆಸರಿನ ಜೊತೆಗೆ ಅಜ್ಜಿಯ ಹೆಸರನ್ನೂ ಬರೆಸಿದರೆ, ಲಕ್ಕಮ್ಮ ಎಂದು ಬರೆದು ಅದರ ಕೆಳಗೆ ಲಕ್ಷಿತಾ ಎಂದು ಬರೆಸಿದರೆ, ಕೇಶಿರಾಜನ ಸೂತ್ರವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.